ಮೂಗು ಮುರಿಯುವ ಮೊದಲು

ಮೊನ್ನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಹುಡುಗಿಯ ತಟ್ಟೆಗೆ ಗುರೆಳ್ಳು ಚಟ್ನಿ ಹಾಕಲು ಬಡಿಸುವಾಕೆ ಬಗ್ಗಿದಳು. ಕಪ್ಪು ಪುಡಿ ಕಂಡದ್ದೇ ತಡ, ಹುಡುಗಿಯ ಮೂಗಿನ ಎರಡೂ ಬದಿ ನೆರಿಗೆ ಬಿತ್ತು, ಮೇಲ್ದುಟಿ ಮೇಲೆದ್ದಿತು. ಬಾಯಿಂದ ಒಂದು ಮಾತಿಲ್ಲ. "ಯಾಕವ್ವಾ, ಬ್ಯಾಡೇನ?" ಎಂದಳು ಆಕೆ. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಹುಡುಗಿಗೆ ಕೆಟ್ಟ ಮನಸ್ಸಿರಲಿಲ್ಲ, ನನಗೆ ಗೊತ್ತು. ಆದರೂ ಆ ಹೆಣ್ಣುಮಗಳ ಮುಖ ಸಣ್ಣದಾಯಿತು.

ನೀವೂ ಒಮ್ಮೊಮ್ಮೆ ಹೀಗೆ ಮಾಡುತ್ತೀರಿ. ಅದಕ್ಕೇ ಈ ಮಾತು.

ಇಂಗ್ಲಿಷಿನಲ್ಲಿ ಇದಕ್ಕೆ ‘ಟರ್ನ್ ಅಪ್ ಯುವರ್ ನೋಸ್’ ಎನ್ನುತ್ತಾರೆ. ಇದು ನನ್ನ ಮಟ್ಟಕ್ಕೆ ಸಾಲದು ಎಂದು ಮೂಗು ಮೇಲೆತ್ತಿ ತೋರಿಸುವುದು. ನಾವು ಮೂಗು ಮುರಿಯುವುದು ಎನ್ನುತ್ತೇವೆ. ಮೈ ಮುರಿದಾಗ ಮೈ ಬಾಗಿ ತಿರುಚುತ್ತದಲ್ಲ, ಮೂಗಿನದೂ ಅಂಥದೇ ಮುರಿತ. ಇದರ ಮೂಲ ದುರ್ವಾಸನೆಯಲ್ಲಿದೆ. ಕೆಟ್ಟ ವಾಸನೆ ಬಂದಾಗ ಮೂಗು ತಾನಾಗಿ ಸುಕ್ಕುಗಟ್ಟುತ್ತದೆ. ತಿರಸ್ಕಾರ ತೋರುವಾಗಲೂ ಮುಖ ಅದನ್ನೇ ಮಾಡುತ್ತದೆ. ಮನುಷ್ಯರೂ ಪ್ರಾಣಿಗಳೂ ಭಾವನೆಯನ್ನು ತೋರ್ಪಡಿಸುವ ಬಗೆಯ ಮೇಲೆ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ತಂದ ಪುಸ್ತಕದಲ್ಲಿ ಈ ನಂಟನ್ನು ಗುರುತಿಸಿದ್ದಾನೆ. ಅಂದರೆ ನೀವು ಮೂಗು ಮುರಿದರೆ ಎದುರಿನವರಿಗೆ "ನಿಮ್ಮದು ನಾರುತ್ತಿದೆ" ಎಂದ ಹಾಗೆ. ಬಾಯಿಬಿಟ್ಟು ಹಾಗೆ ಹೇಳುತ್ತೀರಾ? ಇಲ್ಲವಲ್ಲ!

ಹಾಗಾದರೆ ಹೀಗೆ ಮಾಡಿ. ಬೇಡವಾದದ್ದನ್ನು ಮೂಗಿಗೆ ಬಿಡದೆ ಬಾಯಿಂದ ಹೇಳಿ. "ಸಾಕ್ರೀ, ಇಷ್ಟ ಸಾಕು" ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಪಂಕ್ತಿಯಲ್ಲಿ ಮುಖ ಸಿಂಡರಿಸಬೇಡಿ. ಊಟವಾದ ಮೇಲೆ ಮಾಡಿದವರಿಗಷ್ಟೇ ತಿಳಿಸಿ. ಪದಾರ್ಥ ಹಳಸಿದ್ದರೆ ಮಾತ್ರ ಸಂಕೋಚ ಬೇಡ, ಆಗಲೇ ಹೇಳಿ. ನಾಲ್ಕು ಜನರ ಹೊಟ್ಟೆ ಉಳಿಯುತ್ತದೆ.

ಆಫೀಸಿನಲ್ಲಿ ಹೊಸಬರು ಕೆಲಸ ತಂದು ತೋರಿಸಿದಾಗ ತುಟಿ ಕೊಂಕಿಸಿ ಕಾಗದ ಹಿಂದಕ್ಕೆ ತಳ್ಳಬೇಡಿ. ತಪ್ಪಿರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ. ಇನ್ನೊಂದು ಊರಿನ ಕನ್ನಡ ಕಿವಿಗೆ ಬಿದ್ದಾಗ, ಬಡವರ ಮನೆಯ ಲೋಟ ಕೈಗೆ ಬಂದಾಗ ಇನ್ನೂ ಎಚ್ಚರವಾಗಿರಿ. ಮಕ್ಕಳೆದುರು ಅಂತೂ ಮೂಗು ಮುರಿಯಲೇಬೇಡಿ. ನೀವು ಬದನೆಕಾಯಿಗೆ ಮುರಿದ ಮೂಗನ್ನು ಅವರು ನಾಳೆ ನೆಂಟರಿಗೆ ಮುರಿಯುತ್ತಾರೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ ಹಿರಿಯರು. ಮುರಿದ ಮೂಗು ನಿಮಿಷದಲ್ಲಿ ನೆಟ್ಟಗಾಗುತ್ತದೆ, ಕಂಡವರ ಮನಸ್ಸು ನೆಟ್ಟಗಾಗಲು ದಿನಗಳೇ ಬೇಕು.

ಹಾಂ, ಇನ್ನೊಂದು. ಗುರೆಳ್ಳು ಚಟ್ನಿಯನ್ನು ಬೆರಳ ತುದಿಯಷ್ಟಾದರೂ ಹಾಕಿಸಿಕೊಳ್ಳಿ. ಕೆನೆಮೊಸರಿನಲ್ಲಿ ಕಲಸಿ, ಬಿಸಿ ರೊಟ್ಟಿಯ ಚೂರಿಗೆ ಹಚ್ಚಿ ತಿಂದು ನೋಡಿ. ಆಮೇಲೂ ಬೇಡವೆನಿಸಿದರೆ, ಬೇಡವೆಂದು ನಗುತ್ತಾ ಹೇಳಿ.