ಗಾಳ ಹಾಕುವವರಿಗೆ ಒಂದು ನೋಟ್‌ಬುಕ್: ಕ್ಲಬ್ ಸೇರುವುದು ಹೇಗೆ, ನದಿಯ ಸೇವೆ ಎಲ್ಲಿಂದ ಶುರು?

ಕಾವೇರಿ ದಂಡೆಯ ಗಾಳಿಬೋರೆ ಕ್ಯಾಂಪಿನಲ್ಲಿ ಒಂದು ಪದ್ಧತಿ ಇತ್ತು. ಗಾಳ ಹಾಕಲು ಬಂದವರು ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಎಷ್ಟು ಹೊತ್ತು ಗಾಳ ಹಾಕಿದೆವು, ಯಾವ ಮೀನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ದಿನವಿಡೀ ಬಿಸಿಲಲ್ಲಿ ನಿಂತು ದಣಿದು ಬಂದವರಿಗೆ ಅದೊಂದು ಕಿರಿಕಿರಿಯ ಕೆಲಸವೇ ಆಗಿದ್ದಿರಬೇಕು. ಆದರೂ ಬರೆದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಸಂಶೋಧಕರು ಒಟ್ಟುಗೂಡಿಸಿದಾಗ 23,620 ಗಂಟೆಗಳ ಗಾಳದ ಲೆಕ್ಕ ಮತ್ತು 6,161 ಮಹಶೀರ್ ಮೀನುಗಳ ವಿವರ ಸಿಕ್ಕಿತು.

ಲೆಕ್ಕ ಹೇಳಿದ ಸಂಗತಿ ಮಾತ್ರ ಗಾಬರಿ ಹುಟ್ಟಿಸುವಂಥದ್ದು. ಮೇಲ್ನೋಟಕ್ಕೆ ಮಹಶೀರ್ ಹೆಚ್ಚುತ್ತಲೇ ಇತ್ತು. ಆದರೆ ಹೆಚ್ಚುತ್ತಿದ್ದದ್ದು ಹ್ಯಾಚರಿಯಲ್ಲಿ ಬೆಳೆಸಿ ತಂದುಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯದೇ ಆದ, ಬೆನ್ನು ಗೂನಿನಂತೆ ಉಬ್ಬಿದ, ಚಿನ್ನದ ಬಣ್ಣದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕವೆಲ್ಲ ದೊಡ್ಡ ದೊಡ್ಡ ಮೀನುಗಳು, ಮರಿಗಳು ಕಾಣುತ್ತಲೇ ಇರಲಿಲ್ಲ. ಊರಿನಲ್ಲಿ ಮುದುಕರಷ್ಟೇ ಉಳಿದು, ತೊಟ್ಟಿಲು ಕಟ್ಟುವುದೇ ನಿಂತುಹೋದ ಹಾಗೆ. 2018ರಲ್ಲಿ ವಿಜ್ಞಾನಿಗಳು ಈ ಮೀನು ಟಾರ್ ರೆಮಾದೇವಿ ಎಂಬ ಜಾತಿಯದೆಂದು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿತು.

ಗಾಳ ಹಿಡಿದವರ ಕೈಬರಹ ಇಲ್ಲದಿದ್ದರೆ ಈ ಲೆಕ್ಕ ಸಿಗುತ್ತಿರಲಿಲ್ಲ. ಮೀನು ಹಿಡಿಯುವ ಹವ್ಯಾಸವಿದೆ, ಜೊತೆಗೆ ನದಿಗೆ ಏನಾದರೂ ಮಾಡಬೇಕೆನಿಸುತ್ತದೆ, ಆದರೆ ದಾರಿ ಗೊತ್ತಿಲ್ಲ ಎನ್ನುವವರಿಗಾಗಿ ಈ ಬರಹ.

ಮೊದಲು ತಿಳಿಯಬೇಕಾದದ್ದು: ಎಲ್ಲಿ ಹಾಕಬಾರದು

ರಾಡ್ ಕೊಳ್ಳುವ ಮುನ್ನ ಜಾಗ ವಿಚಾರಿಸಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಹರಿಯುವ ನೀರಿನಲ್ಲಿ ಹವ್ಯಾಸಕ್ಕೆಂದು ಗಾಳ ಹಾಕುವಂತಿಲ್ಲ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಒಂದು ಕಾಲದಲ್ಲಿ ದೇಶವಿದೇಶಗಳ ಗಾಳಗಾರರಿಗೆ ಯಾತ್ರಾಸ್ಥಳಗಳಂತಿದ್ದವು. ಅವು ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಗೆ ಸೇರಿದ ಜಾಗಗಳು, ಅಲ್ಲಿ ಗಾಳದ ಆಟ ನಿಂತು ಒಂದು ದಶಕವೇ ದಾಟಿದೆ. ಹಳೆಯ ಫೋಟೊ, ವಿಡಿಯೊ ನೋಡಿ ರಾಡ್ ಹೊತ್ತು ಹೊರಟರೆ ಕೇಸು ಬೀಳುತ್ತದೆ.

ಕೆರೆ, ಜಲಾಶಯಗಳ ಕಥೆ ಬೇರೆ. ಊರಿನ ಕೆರೆ ಎಲ್ಲರದೂ ಅಂದುಕೊಂಡರೂ ಅದರ ಮೀನಿನ ಹಕ್ಕು ಹೆಚ್ಚಾಗಿ ಹರಾಜಿನಲ್ಲಿಯೋ ಗುತ್ತಿಗೆಯಲ್ಲಿಯೋ ಒಬ್ಬರ ಅಥವಾ ಒಂದು ಮೀನುಗಾರರ ಸಹಕಾರ ಸಂಘದ ಕೈಯಲ್ಲಿರುತ್ತದೆ. ಮರಿ ಬಿಟ್ಟವರು ಅವರು, ಅದರ ಮೇಲೆ ಬದುಕು ನಡೆಸುವವರೂ ಅವರೇ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ಈ ಕೆರೆ ಯಾರ ಹೆಸರಿನಲ್ಲಿದೆ, ಗಾಳಕ್ಕೆ ಪರವಾನಗಿ ಉಂಟೇ ಎಂದು ಕೇಳಿದರೆ ಮುಗಿಯಿತು. ಗುತ್ತಿಗೆದಾರರ ಅನುಮತಿ ಪಡೆದು ಕೂತವರಿಗೆ ದಡದಲ್ಲಿ ಚಹಾ ಸಿಗುವುದೂ ಉಂಟು.

ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ. ಜೂನ್, ಜುಲೈ ತಿಂಗಳು ಗಾಳವನ್ನು ಅಟ್ಟಕ್ಕೆ ಹಾಕಿಡಿ. ಹೊಸ ನೀರಿಗೆ ಹತ್ತಿ ಬರುವ ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ಮೀನೆಲ್ಲ ಇರುತ್ತದೆ.

ಕ್ಲಬ್ ಹುಡುಕುವುದು

ಒಬ್ಬರೇ ಹೋಗಿ ಕಲಿಯುವುದಕ್ಕಿಂತ ಸಂಘದ ಜೊತೆ ಹೋಗುವುದು ಮೇಲು. ಜಾಗದ ಅನುಮತಿಯನ್ನು ಸಂಘವೇ ನೋಡಿಕೊಂಡಿರುತ್ತದೆ, ತಪ್ಪಿದರೆ ತಿದ್ದುವ ಹಿರಿಯರಿರುತ್ತಾರೆ. ನಮ್ಮಲ್ಲಿ ಇಂಥ ಸಂಘಗಳು ಬೆರಳೆಣಿಕೆಯಷ್ಟು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾ, ಬಳಕೆಯಲ್ಲಿ ‘ವಾಸಿ’, ಇವುಗಳಲ್ಲಿ ಹಿರಿಯದು. ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿ, ತೋಟೆ ಹೊಡೆಯುವವರನ್ನು ತಡೆದು, ಹಿಡಿದುಬಿಡುವ ನಿಯಮ ತಂದದ್ದು ಅದರ ದೊಡ್ಡ ಕೆಲಸ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ದಡದ ಊರಿನವರೇ ಕಾವಲುಗಾರರಾದರು, ಗೈಡ್‌ಗಳಾದರು. ಮೀನು ಸತ್ತರೆ ಒಂದು ದಿನದ ಕೂಲಿ, ಬದುಕಿದ್ದರೆ ವರ್ಷವಿಡೀ ಸಂಬಳ ಎಂಬ ಲೆಕ್ಕ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಬಳಿ ಕಾವೇರಿಯಲ್ಲಿ ಇದೇ ಬಗೆಯ ಕಾವಲು ಮತ್ತು ಗಾಳದ ವ್ಯವಸ್ಥೆ ನಡೆಸಿಕೊಂಡು ಬಂದಿದೆ.

ಸದಸ್ಯತ್ವದ ಅರ್ಜಿ ತುಂಬುವ ಮೊದಲು ಒಂದು ಹೊರಸಂಚಾರಕ್ಕೆ ಅತಿಥಿಯಾಗಿ ಹೋಗಿಬನ್ನಿ. ಅಲ್ಲಿ ಮೂರು ಸಂಗತಿ ಗಮನಿಸಿ: ಪರವಾನಗಿಯ ಕಾಗದ ಕೇಳಿದರೆ ತೋರಿಸುತ್ತಾರೆಯೇ, ಹಿಡಿದ ಮೀನಿನ ದಾಖಲೆ ಇಡುತ್ತಾರೆಯೇ, ಸಂಜೆ ಹೊರಡುವಾಗ ದಡ ಹೇಗಿರುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬಾಟಲಿ ಬಿಟ್ಟು ಬರುವ ಗುಂಪಿನಿಂದ ಗಾಳದ ಪಾಠ ಕಲಿಯುವ ಅಗತ್ಯವಿಲ್ಲ. ದಾಖಲೆ ಇಡದ ಸಂಘವಾದರೆ ಸೇರಿಕೊಳ್ಳಿ, ಆ ಕೆಲಸವನ್ನು ನೀವೇ ಶುರುಮಾಡಿ.

ಮೊದಲ ದಿನಕ್ಕೆ ತಯಾರಿ

ದುಬಾರಿ ಸಾಮಾನು ಬೇಡ. ಏಳೆಂಟು ಅಡಿಯ ಒಂದು ರಾಡ್, ಒಂದು ರೀಲ್, ತಂಗೂಸಿ ದಾರ, ಬೆಂಡು, ಸೀಸದ ಗುಂಡು, ನಾಲ್ಕಾರು ಕೊಕ್ಕೆ, ಉದ್ದ ಮೂತಿಯ ಇಕ್ಕಳ ಸಾಕು. ಇಕ್ಕಳ ಮರೆಯಬೇಡಿ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಅದರಿಂದ ಒತ್ತಿ ಚಪ್ಪಟೆ ಮಾಡಬೇಕು. ಆಗ ಮೀನಿನ ಬಾಯಿ ಹರಿಯದೆ ಕೊಕ್ಕೆ ಹೊರಬರುತ್ತದೆ. ನಿಮ್ಮ ಬೆರಳಿಗೆ ಚುಚ್ಚಿಕೊಂಡ ದಿನ ಈ ಉಪಾಯದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕಾವೇರಿ ಸೀಮೆಯ ಹೆಸರಾಂತ ಎರೆ ಎಂದರೆ ರಾಗಿ. ನಮ್ಮ ಊಟದ ಮುದ್ದೆಯೇ, ಆದರೆ ಇನ್ನಷ್ಟು ಗಟ್ಟಿ. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ಉಂಡೆ ಮಾಡಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದಬೇಕು. ರಬ್ಬರಿನಂತೆ ಎಳೆದರೂ ತುಂಡಾಗದ ಹದ ಬರಬೇಕು, ಇಲ್ಲವಾದರೆ ಸೆಳವಿನಲ್ಲಿ ಕರಗಿಹೋಗುತ್ತದೆ. ಬಳಪದ ಕಲ್ಲಿನ ಮೇಲೆ ತಟ್ಟಿ ನಾದಿದರೆ ಹದ ಬೇಗ ಬರುತ್ತದೆ ಎಂದು ಒಬ್ಬ ಹಿರಿಯರು ತೋರಿಸಿಕೊಟ್ಟರು, ಅಂದಿನಿಂದ ನಾನೂ ಹಾಗೆಯೇ ಮಾಡುತ್ತೇನೆ. ಕೆರೆಯಲ್ಲಿ ಗೆಂಡೆ, ಜಿಲೇಬಿ ಮೀನಿಗೆ ಎರೆಹುಳು, ಹಿಟ್ಟಿನ ಉಂಡೆ ಸಾಕು.

ಇನ್ನು ಜೀವದ ಮಾತು. ಕಾವೇರಿ, ಕಬಿನಿ, ತುಂಗಾ, ಶರಾವತಿ ಎಲ್ಲವೂ ಅಣೆಕಟ್ಟು ಕಟ್ಟಿರುವ ನದಿಗಳು. ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲಿನಿಂದ ನೀರು ಬಿಟ್ಟರೆ ಅರ್ಧ ಗಂಟೆಯಲ್ಲಿ ನಿಂತ ಬಂಡೆ ಮುಳುಗಬಹುದು. ನದಿಯ ನಡುವಿನ ಬಂಡೆಗೆ ಹೋಗಿ ಕೂರಬೇಡಿ. ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಹತ್ತು ನಿಮಿಷಕ್ಕೊಮ್ಮೆ ನೋಡಿ, ಕಲ್ಲು ಮುಳುಗಿದರೆ ಗಂಟು ಕಟ್ಟಿ ಮೇಲೆ ಬನ್ನಿ. ತೆಪ್ಪ ಹತ್ತುವುದಿದ್ದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಈಜು ಬಂದರೂ ಸರಿಯೇ. ಕಾವೇರಿಯಲ್ಲಿ ಮೊಸಳೆಗಳಿವೆ, ಸೊಂಟದ ಮಟ್ಟದ ನೀರಿಗಿಳಿದು ಗಾಳ ಎಸೆಯುವ ಚಂದ ಇಲ್ಲಿಗೆ ಒಗ್ಗದು.

ಮೀನು ಸಿಕ್ಕ ಮೇಲಿನ ಎರಡು ನಿಮಿಷ

ಹಿಡಿದುಬಿಡುವುದು ಎಂದರೆ ಹಿಡಿದು, ಅರ್ಧ ಗಂಟೆ ಫೋಟೊ ತೆಗೆದು, ಸತ್ತಂತಾದ ಮೀನನ್ನು ನೀರಿಗೆ ಎಸೆಯುವುದಲ್ಲ. ಅಂಥ ಮೀನು ನಿಮ್ಮ ಕಣ್ಣೆದುರು ಈಜಿಹೋದರೂ ಮರುದಿನ ಕೆಳಗಿನ ಮಡುವಿನಲ್ಲಿ ಹೊಟ್ಟೆ ಮೇಲಾಗಿ ತೇಲಬಹುದು.

ದಾರಕ್ಕೆ ಸಿಕ್ಕ ಮೀನನ್ನು ಆಡಿಸುತ್ತಾ ಸುಸ್ತು ಮಾಡಬೇಡಿ, ಬೇಗ ದಡಕ್ಕೆ ತನ್ನಿ. ಮುಟ್ಟುವ ಮೊದಲು ಎರಡೂ ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ. ಒಣ ಕೈ, ಒಣ ಟವೆಲ್, ಬಿಸಿ ಬಂಡೆ ಮೂರೂ ಅದನ್ನು ಕಿತ್ತುಹಾಕುತ್ತವೆ. ಮೀನು ನೀರಿನಲ್ಲೇ ಇರಲಿ, ನೀವು ಬಗ್ಗಿ. ಕಿವಿರಿನೊಳಗೆ ಬೆರಳು ತೂರಿಸಿ ಎತ್ತಬೇಡಿ. ಬಾಲಕ್ಕೆ ಹಗ್ಗ ಕಟ್ಟಿ ತೂಗುಹಾಕಲೂ ಬೇಡಿ, ದೊಡ್ಡ ಮೀನಿನ ಒಳ ಅಂಗಗಳು ಅದರದೇ ಭಾರಕ್ಕೆ ಜಖಂ ಆಗುತ್ತವೆ. ತೂಕದ ಚಪಲ ಬಿಟ್ಟು ಉದ್ದ ಅಳೆಯಿರಿ, ನೀರಿನಲ್ಲೇ ಟೇಪು ಹಿಡಿದರೆ ಆಯಿತು. ಫೋಟೊ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಎತ್ತಿ. ನಿಮ್ಮ ಉಸಿರು ಬಿಗಿಹಿಡಿಯಿರಿ, ನಿಮಗೆ ಉಸಿರು ಬೇಕೆನಿಸುವ ಮೊದಲೇ ಅದು ನೀರಿಗೆ ಮರಳಿರಬೇಕು. ಕೊಕ್ಕೆಯನ್ನು ನುಂಗಿಬಿಟ್ಟಿದ್ದರೆ ಎಳೆದಾಡದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ. ಬಿಡುವಾಗ ತಲೆ ಪ್ರವಾಹದ ಕಡೆಗಿರುವಂತೆ ಹಗುರಾಗಿ ಹಿಡಿದು ಕಾಯಿರಿ. ಬಾಲ ಬೀಸಿ ಅದೇ ಕೈಬಿಡಿಸಿಕೊಂಡು ಹೋಗುತ್ತದೆ.

ಒಂದು ಎಚ್ಚರಿಕೆ: ದೇಶದಲ್ಲಿ ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಕನಿಕರಪಟ್ಟು ಇನ್ನೊಂದು ಕೆರೆಗೆ ಬಿಡಬೇಡಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ. ಯಾವ ಮೀನನ್ನೇ ಆಗಲಿ, ಹಿಡಿದ ನೀರಿನಿಂದ ಬೇರೆ ನೀರಿಗೆ ಸಾಗಿಸುವುದು ಸೇವೆಯಲ್ಲ. ಕಾವೇರಿಗೆ ನೀಲಿ ರೆಕ್ಕೆಯ ಮಹಶೀರ್ ಬಿಟ್ಟದ್ದೂ ಒಳ್ಳೆಯ ಮನಸ್ಸಿನಿಂದಲೇ.

ಸೇವೆಯ ಬಗೆಗಳು

ನೋಟ್‌ಬುಕ್ಕಿನಿಂದಲೇ ಶುರುಮಾಡಿ. ದಿನಾಂಕ, ಜಾಗ, ಗಾಳ ಹಾಕಿದ ಒಟ್ಟು ಹೊತ್ತು, ಎರೆ, ಮೀನಿನ ಜಾತಿ, ಉದ್ದ, ನೀರಿನ ಬಣ್ಣ. ಏನೂ ಸಿಗದ ದಿನವನ್ನು ತಪ್ಪದೆ ಬರೆಯಿರಿ. ಹೊತ್ತಿನ ಲೆಕ್ಕವಿಲ್ಲದೆ ಮೀನಿನ ಲೆಕ್ಕಕ್ಕೆ ಅರ್ಥವಿಲ್ಲ. ಹತ್ತು ಗಂಟೆಗೆ ಎರಡು ಸಿಗುತ್ತಿದ್ದದ್ದು ಐವತ್ತು ಗಂಟೆಗೆ ಎರಡಾಯಿತೆಂದರೆ ನದಿಯಲ್ಲಿ ಏನೋ ಕೆಟ್ಟಿದೆ. ಜಾತಿ ಗುರುತು ಸಿಗದಿದ್ದರೆ ಪಕ್ಕದಿಂದ ಒಂದು ಸ್ಪಷ್ಟ ಚಿತ್ರ ತೆಗೆದಿಡಿ. ಸಂಘದವರೆಲ್ಲ ಒಂದೇ ನಮೂನೆಯಲ್ಲಿ ಬರೆದರೆ ಐದು ವರ್ಷದಲ್ಲಿ ಮೀನುಗಾರಿಕೆ ಕಾಲೇಜಿನವರು ತಾವಾಗಿ ಕೇಳಿಕೊಂಡು ಬರುವಂಥ ದಾಖಲೆ ಸಿದ್ಧವಾಗುತ್ತದೆ.

ಎರಡನೆಯದು ತಂಗೂಸಿ ಆರಿಸುವುದು. ಈ ದಾರ ಕೊಳೆಯುವುದಿಲ್ಲ. ಪೊದೆಗೆ ಸಿಕ್ಕಿಕೊಂಡ ನಾಲ್ಕು ಮಾರು ದಾರಕ್ಕೆ ಬೆಳ್ಳಕ್ಕಿಯ ಕಾಲು, ನೀರುನಾಯಿಯ ಕುತ್ತಿಗೆ, ಆಮೆಯ ರೆಟ್ಟೆ ಸಿಕ್ಕಿ ಜೀವ ಹೋಗುತ್ತದೆ. ತಿಂಗಳಿಗೊಂದು ಭಾನುವಾರ ಗಾಳದ ಬದಲು ಕತ್ತರಿ, ಗೋಣಿಚೀಲ ಹಿಡಿದು ದಡ ಸುತ್ತಿ. ಸಿಕ್ಕಿದ್ದನ್ನು ಸಣ್ಣಗೆ ತುಂಡರಿಸಿ ಕಸಕ್ಕೆ ಕೊಡಿ, ಸುಡಬೇಡಿ. ನೀರಿನಲ್ಲಿ ಬಿಟ್ಟುಹೋದ ಬಲೆ ಕಂಡರೆ ಮಾತ್ರ ಮೊದಲು ಅಲ್ಲಿಯ ಮೀನುಗಾರರನ್ನು ಕೇಳಿ. ನಿಮಗೆ ಕಸದಂತೆ ಕಂಡದ್ದು ಒಬ್ಬರ ಅನ್ನದ ಬಲೆಯಾಗಿರಬಹುದು.

ಬೆಂಗಳೂರಿನವರಿಗೆ ಕೆರೆಯ ಕೆಲಸ ಧಾರಾಳವಾಗಿದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನಿನ ರಾಶಿ ತೇಲಿದ್ದನ್ನು ಕಂಡವರು ಮರೆತಿರಲಾರರು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದಾಗ ಆಗುವುದೇ ಹಾಗೆ. ಮೀನಿಗೆ ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂಬುದು ಮಾನದಂಡ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಖರ್ಚು ಮಾಡುವುದರಿಂದ ಬೆಳಗಿನ ಜಾವಕ್ಕೆ ಅದು ತಳ ಮುಟ್ಟಿರುತ್ತದೆ. ಗಾಳಗಾರರು ಹೇಗೂ ಸೂರ್ಯ ಹುಟ್ಟುವ ಮೊದಲೇ ಏಳುವವರು. ಪರೀಕ್ಷಾ ಕಿಟ್ ಒಂದನ್ನು ಕೊಂಡು ವಾರಕ್ಕೊಮ್ಮೆ ಅದೇ ಹೊತ್ತಿಗೆ ಅಳೆದು ಬರೆದಿಟ್ಟು, ಮಟ್ಟ ಕುಸಿದಾಗ ಪಾಲಿಕೆಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂಕಿ ಸಮೇತ ದೂರು ಕೊಡಿ. ಪುಟ್ಟೇನಹಳ್ಳಿ, ಜಕ್ಕೂರು, ಕೈಕೊಂಡ್ರಹಳ್ಳಿ ಕೆರೆಗಳನ್ನು ಉಳಿಸಿಕೊಳ್ಳಲು ದುಡಿದ ನಿವಾಸಿಗಳ ಗುಂಪುಗಳಿವೆ, ನಿಮ್ಮ ಬಡಾವಣೆಯ ಕೆರೆಗೂ ಒಂದು ಗುಂಪು ಇರಬಹುದು. ಪಕ್ಷಿ ನೋಡುವವರು ಅಲ್ಲಿ ಬೇಕಾದಷ್ಟಿದ್ದಾರೆ, ಮೀನು ಬಲ್ಲವರು ಕಡಿಮೆ.

ಮಲೆನಾಡು, ಕರಾವಳಿಯವರಿಗೆ ದೇವರ ಮೀನಿನ ಮಡುಗಳಿವೆ. ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಹೀಗೆ. ಇಲ್ಲಿ ಗಾಳ ಸುಳಿಯಲೇಬಾರದು. ಕಾನೂನು ಬರುವ ಮೊದಲೇ ಜನ ಭಕ್ತಿಯಿಂದ ಕಾಪಾಡಿಕೊಂಡು ಬಂದ ಮಹಶೀರ್‌ಗಳಿವು. 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಊರಿನಲ್ಲಿ ಸ್ಮಾರಕವೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಇಂಥ ಕಡೆ ಕಾವಲಿಗೆ ಕೈ ಬೇಕಾಗುತ್ತದೆ, ಭಕ್ತರು ತಂದ ಅರಳಿನ ಪ್ಲಾಸ್ಟಿಕ್ ಚೀಲ ನೀರಿಗೆ ಬೀಳದಂತೆ ನೋಡುವ ಜನವೂ ಬೇಕು. ದೇವಸ್ಥಾನದ ಆಡಳಿತ ಮಂಡಳಿಯವರನ್ನು ಕಂಡು ಮಾತಾಡಿ, ಅವರು ಹೇಳಿದಂತೆ ಮಾಡಿ.

ನದಿಯಲ್ಲಿ ತೋಟೆ ಸಿಡಿದ ಸದ್ದು ಕೇಳಿದರೆ, ಮೈಲುತುತ್ತವೋ ಬ್ಲೀಚಿಂಗ್ ಪುಡಿಯೋ ಸುರಿದದ್ದು ಕಂಡರೆ ನೀವೇ ಎದುರಿಗೆ ಹೋಗಬೇಡಿ. ಮೀನಿಗೆ ಸಿಡಿಮದ್ದು, ವಿಷ ಹಾಕುವುದು 1897ರ ಕಾನೂನಿನಿಂದಲೇ ಅಪರಾಧ. ದೂರದಿಂದ ಚಿತ್ರ ತೆಗೆದು, ಜಾಗ, ಹೊತ್ತು ಬರೆದುಕೊಂಡು 112ಕ್ಕೆ ಕರೆ ಮಾಡಿ. ಕಾಡಿನ ವ್ಯಾಪ್ತಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ತಿಳಿಸಿ.

ಮಹಶೀರ್‌ಗೆ ಗಾಳ ಹಾಕುವ ಕಾಲ ಡಿಸೆಂಬರ್‌ನಿಂದ ಮಾರ್ಚ್. ಅಷ್ಟರೊಳಗೆ ನಿಮ್ಮ ಊರಿನ ಹತ್ತಿರದ ಒಂದು ನೀರನ್ನು ಆರಿಸಿಕೊಳ್ಳಿ, ಅದರ ಪರವಾನಗಿ ವಿಚಾರಿಸಿ, ಇಬ್ಬರನ್ನು ಜೊತೆ ಮಾಡಿಕೊಳ್ಳಿ. ಅಂಗಡಿಯಲ್ಲಿ ಕೊಕ್ಕೆ ಕೊಳ್ಳುವಾಗ ಪಕ್ಕದ ಅಂಗಡಿಯಿಂದ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್ ಸಹ ತನ್ನಿ. ಪೆನ್ಸಿಲ್ಲೇ ಇರಲಿ, ಪೆನ್ನಿನ ಶಾಯಿ ಒದ್ದೆ ಕೈಗೆ ಕಲೆಸಿಹೋಗುತ್ತದೆ.