ಐಸಿಯು ಹೊರಗೆ ನಿಂತವರ ಕೈಗೆ ಸಿಗುವ ದುಡ್ಡು

"ದುಡ್ಡಿನ ವಿಷಯ ನಾ ಕಂಡ್ಕಂತೆ, ನಿಂಗ್ಯಾಕೆ?" ನಮ್ಮ ಕಡೆಯ ಎಷ್ಟೋ ಸಂಸಾರಗಳು ಈ ಒಂದು ಮಾತಿನ ಮೇಲೆ ಮೂವತ್ತು ನಲವತ್ತು ವರ್ಷ ಸಲೀಸಾಗಿ ನಡೆದಿವೆ. ಬೀಜಾಡಿ, ಗೋಪಾಡಿ, ಕುಂಭಾಶಿಯಿಂದ ಬೆಂಗಳೂರಿಗೆ ಹೋಗಿ ಬೇಕರಿ, ಹೋಟೆಲ್ ನಡೆಸಿದವರ ಮನೆಗಳಲ್ಲಂತೂ ಇದೇ ರೂಢಿ. ಗಂಡ ಅಲ್ಲಿ ದುಡಿಯುತ್ತಾನೆ, ಹೆಂಡತಿ ಇಲ್ಲಿ ಅತ್ತೆ, ಮಾವ, ಮಕ್ಕಳು, ತೆಂಗಿನ ತೋಟ ಅಂತ ನೋಡಿಕೊಳ್ಳುತ್ತಾಳೆ. ಖಾತೆ, ಠೇವಣಿ, ಪಾಲಿಸಿ, ಚೀಟಿ ಎಲ್ಲ ಅವನ ಹೆಸರಲ್ಲಿ, ಲೆಕ್ಕ ಅವನ ತಲೆಯಲ್ಲಿ. ಇದರಲ್ಲಿ ಮೋಸವೇನೂ ಇಲ್ಲ. ಹೆಂಡತಿಗೆ ತಲೆಬಿಸಿ ಬೇಡ ಎಂಬ ಕಾಳಜಿಯೇ ಹೆಚ್ಚು. ಆದರೆ ಆ ತಲೆಯೇ ಐಸಿಯುವಿನಲ್ಲಿ ಮಲಗಿದಾಗ ಏನು ಗತಿ?

ನಮ್ಮ ಮನೆಯಲ್ಲಿ ಅದು ಆದದ್ದು ಮಳೆಗಾಲದ ಒಂದು ಭಾನುವಾರ. ಬೆಳಗಿನ ಚಾ ಕುಡಿದು ಜಗಲಿಯಲ್ಲಿ ಕೂತಿದ್ದ ನನ್ನ ಗಂಡ ಎದೆ ಹಿಡಿದುಕೊಂಡರು. "ಎಂತದೂ ಇಲ್ಲೆ, ಗ್ಯಾಸ್" ಅಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಪಕ್ಕದ ಮನೆಯ ಹುಡುಗನ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ ನೋಡಿದ ಡಾಕ್ಟರು ಕೂಡಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ತೆಕ್ಕಟ್ಟೆ, ಕೋಟ, ಸಾಸ್ತಾನದ ಟೋಲ್, ಬ್ರಹ್ಮಾವರ ಎಲ್ಲ ಆಂಬ್ಯುಲೆನ್ಸಿನ ಕಿಟಕಿಯಲ್ಲಿ ಹಿಂದೆ ಸರಿದವು. ನಾನು ಕಂಡದ್ದು ಅವರ ಮೂಗಿನ ಮೇಲಿದ್ದ ಆಮ್ಲಜನಕದ ಮಾಸ್ಕನ್ನು ಮಾತ್ರ. ಆಂಜಿಯೋಪ್ಲಾಸ್ಟಿ ಆಯಿತು, ಸ್ಟೆಂಟು ಬಿತ್ತು, ಈಗ ಚೆನ್ನಾಗಿದ್ದಾರೆ. ವೈದ್ಯಕೀಯದ ಕತೆ ಇಷ್ಟೆ. ನಾನು ಬರೆಯಬೇಕೆಂದಿರುವುದು ಅವರನ್ನು ಒಳಗೆ ಕರೆದೊಯ್ದ ಮೇಲೆ ಹೊರಗಡೆ ನಡೆದದ್ದನ್ನು.

ನರ್ಸ್ ಬಂದು ಒಂದು ಪ್ಲಾಸ್ಟಿಕ್ ಚೀಲ ಕೈಗಿತ್ತರು. ಅದರಲ್ಲಿ ಅವರ ಲುಂಗಿ, ವಾಚು, ಉಂಗುರ, ಮೊಬೈಲು. ಇನ್ನೊಬ್ಬರು ಬಂದು ಕೌಂಟರಿನಲ್ಲಿ ಮುಂಗಡ ಕಟ್ಟಲು ಹೇಳಿದರು. ಆ ಚೀಲದಲ್ಲಿದ್ದ ಮೊಬೈಲಿನೊಳಗೆ ನಮ್ಮ ಮನೆಯ ಹಣವೆಲ್ಲ ಇತ್ತು: ಬ್ಯಾಂಕಿನ ಆ್ಯಪ್, ಯುಪಿಐ, ವಿಮೆಯ ಇ-ಕಾರ್ಡು ಬಂದಿದ್ದ ಈಮೇಲ್, ಓಟಿಪಿ ಬರುವ ಸಿಮ್. ಅದು ತೆರೆದುಕೊಳ್ಳುವುದು ಅವರ ಹೆಬ್ಬೆರಳಿಗೆ. ಹೆಬ್ಬೆರಳು ಎರಡು ಬಾಗಿಲಾಚೆ ಇತ್ತು.

ದುಡ್ಡಿರಲಿಲ್ಲ ಎಂದಲ್ಲ, ಇತ್ತು. ಬೆಂಗಳೂರಿನ ಶಾಖೆಯೊಂದರಲ್ಲಿ ಠೇವಣಿ ಇತ್ತು, ಅದಕ್ಕೆ ನಾಮಿನಿ ನಾನೇ. ಆದರೆ ನಾಮಿನಿ ಅನ್ನುವುದು ಖಾತೆದಾರ ಸತ್ತ ಮೇಲೆ ಬಾಯಿ ತೆರೆಯುವ ಹಕ್ಕು. ಗಂಡ ಉಸಿರಾಡುತ್ತಿರುವಷ್ಟು ಹೊತ್ತು ನಾಮಿನಿಯಾದ ಹೆಂಡತಿ ಬ್ಯಾಂಕಿಗೆ ಮೂರನೆಯವಳು. "ನಿನ್ನ ಹೆಸರು ಹಾಕಿದ್ದೇನಲ್ಲ" ಎಂದು ಗಂಡಸರು ಹೇಳುವಾಗ ಈ ವ್ಯತ್ಯಾಸ ಅವರಿಗೂ ಗೊತ್ತಿರುವುದಿಲ್ಲ.

ಕಾಯಿಲೆ ಬಿದ್ದ ಖಾತೆದಾರರಿಗಾಗಿ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ಸಹಿ ಮಾಡಲಾಗದಿದ್ದರೆ ಕೈಯ ಅಥವಾ ಕಾಲಿನ ಹೆಬ್ಬೆರಳಿನ ಗುರುತು ಪಡೆದು, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳಿದ್ದರೆ ಹಣ ಕೊಡಬಹುದು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ನಿಯಮ ಒಳ್ಳೆಯದೇ. ಆದರೆ ಭಾನುವಾರ, ನಾನೂರು ಕಿಲೋಮೀಟರ್ ಆಚೆಯ ಶಾಖೆಯ ಅಧಿಕಾರಿಯನ್ನು ಐಸಿಯು ಬಾಗಿಲಿಗೆ ಕರೆತರುವವರು ಯಾರು? ರೋಗಿ ಕೋಮಾಕ್ಕೆ ಹೋದರಂತೂ ಇನ್ನೂ ಕಷ್ಟ. ಅಂಥವರ ಆಸ್ತಿ ನೋಡಿಕೊಳ್ಳಲು ಪೋಷಕರನ್ನು ನೇಮಿಸುವ ಪ್ರತ್ಯೇಕ ಕಾನೂನೇ ನಮ್ಮಲ್ಲಿಲ್ಲ, ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ಕೇರಳ ಹೈಕೋರ್ಟು 2019ರಲ್ಲಿ ಇದಕ್ಕೊಂದು ಮಾರ್ಗಸೂಚಿ ಹಾಕಿಕೊಟ್ಟಿತು. ಮೊದಲೇ ಬರೆಸಿಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಅನ್ನುತ್ತೀರಾ? ಬರೆದುಕೊಟ್ಟವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾದಾಗ ನಮ್ಮ ಕಾನೂನಿನಲ್ಲಿ ಅದೂ ಬಿದ್ದುಹೋಗುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು.

ನನ್ನ ಪುಣ್ಯಕ್ಕೆ ನನ್ನದೇ ಒಂದು ಉಳಿತಾಯ ಖಾತೆ, ಅದಕ್ಕೆ ಯುಪಿಐ, ಮೊದಲಿನಿಂದಲೇ ಇತ್ತು. ಮೊದಲ ಕಂತಿನ ಮುಂಗಡ ಅದರಿಂದಲೇ ಹೋಯಿತು. ಅದೇ ದಿನ ಹೊಸದಾಗಿ ಯುಪಿಐ ಮಾಡಿಕೊಳ್ಳಲು ಹೊರಟವರಿಗೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಹಳೆಯ ಬಳಕೆದಾರರಿಗೆ ಆಸ್ಪತ್ರೆ ಬಿಲ್ಲಿನ ಮಿತಿಯನ್ನು ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ.

ಸೋಮವಾರ ಬೆಳಿಗ್ಗೆ ಮೈದುನ ಬೆಂಗಳೂರಿನಿಂದ ಬಸ್ಸಿಳಿದು ನೇರ ಆಸ್ಪತ್ರೆಗೇ ಬಂದ. ಬೇಕರಿಯ ಗಲ್ಲಾದ ದುಡ್ಡು, ಗೆಳೆಯರಿಂದ ಒಟ್ಟು ಮಾಡಿದ್ದು, ಎಲ್ಲ ಸೇರಿ ಬ್ಯಾಗು ತುಂಬ ನೋಟು. "ಅತ್ತಿಗೆ, ದುಡ್ಡಿನ್ ಚಿಂತಿ ಮಾಡ್ಬೇಡಿ" ಅಂದ. ಕೌಂಟರಿನಲ್ಲಿ ಅಷ್ಟನ್ನೂ ತೆಗೆದುಕೊಳ್ಳಲಿಲ್ಲ. ಅವರ ತಪ್ಪಲ್ಲ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಒಂದೇ ಸಂದರ್ಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ಮೊತ್ತದ ದಂಡ ಪಡೆದವರಿಗೆ. ಒಬ್ಬ ರೋಗಿಯ ಒಂದು ದಾಖಲಾತಿ ಒಂದು ಸಂದರ್ಭ. ಕಂತು ಕಂತಾಗಿ ಕಟ್ಟಿದರೂ ಲೆಕ್ಕ ಒಂದೇ. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್–ಮೇ ತಿಂಗಳಲ್ಲಿ, ಇದನ್ನು ಸಡಿಲಿಸಿದ್ದರು. ಆಮೇಲೆ ಮತ್ತೆ ಬಿಗಿ. ಊರಿನಲ್ಲಿ ಈಗಲೂ ಕಷ್ಟಕ್ಕೆ ಒದಗುವ ದುಡ್ಡು ನೋಟಿನ ರೂಪದಲ್ಲೇ ಬರುತ್ತದೆ. ಅದನ್ನು ಹಾಕಿಕೊಳ್ಳಲು ಖಾತೆ ಬೇಕು, ಅದೂ ಹೊರಗೆ ನಿಂತವರ ಹೆಸರಲ್ಲಿ.

ಚಿನ್ನಕ್ಕೂ ಇದೇ ಮಾತು. ನಮ್ಮ ಹೆಂಗಸರ ಕೈಯಲ್ಲಿ ನಿಜವಾಗಿ ಇರುವ ಆಸ್ತಿ ಅಂದರೆ ಅದೊಂದೇ. ಅಡವಿಡಲು ಗಂಡನ ಸಹಿ ಬೇಡ. ಆದರೆ ಫೈನಾನ್ಸ್ ಕಂಪನಿಗಳು 20,000 ರೂಪಾಯಿಗಿಂತ ಹೆಚ್ಚಿನ ಸಾಲವನ್ನು ನಗದಾಗಿ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2024ರ ಮೇ ತಿಂಗಳಲ್ಲಿ ಮತ್ತೆ ನೆನಪಿಸಿತು. ಉಳಿದದ್ದು ಸಾಲಗಾರರ ಖಾತೆಗೇ ಹೋಗಬೇಕು. 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 85ರವರೆಗೆ ಕೊಡಬಹುದೆಂಬ ನಿಯಮ 2026ರ ಏಪ್ರಿಲ್ 1ರ ಗಡುವಿನೊಂದಿಗೆ ಬಂದಿದೆ. ಅದಕ್ಕೆ ಮೊದಲು ಶೇ. 75 ಇತ್ತು. ಲಾಕರು ಗಂಡನ ಹೆಸರಲ್ಲಿ ಮಾತ್ರ ಇದ್ದರೆ ಆ ಚಿನ್ನವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ವಿಮೆ. ನಮ್ಮಲ್ಲಿ ಮೊದಲ ಗೊಂದಲ ಕಾರ್ಡಿನದು. ಮಣಿಪಾಲ ಆರೋಗ್ಯ ಕಾರ್ಡನ್ನು ಎಷ್ಟೋ ಮನೆಯವರು ವಿಮೆಯೆಂದೇ ತಿಳಿದಿದ್ದಾರೆ. ಅದು ರಿಯಾಯಿತಿ ಕಾರ್ಡು, ಬಿಲ್ಲು ಕಡಿಮೆ ಮಾಡುತ್ತದೆ, ಬಿಲ್ಲು ಕಟ್ಟುವುದಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ನಿಗದಿತ ತುರ್ತು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಡ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಕೌಂಟರಿನಲ್ಲಿ ದುಡ್ಡು ಕಟ್ಟುವ ಮೊದಲು ಅವರನ್ನು ಹುಡುಕಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, 2018ರಲ್ಲಿ ನಿಂತದ್ದು 2023ರ ಜನವರಿಯಿಂದ ಮತ್ತೆ ಶುರುವಾಗಿದೆ.

ನಮ್ಮದು ಖಾಸಗಿ ಪಾಲಿಸಿ. ಅಲ್ಲಿ ಹಣಕ್ಕಿಂತ ದೊಡ್ಡದಾಗುವುದು ಒಂದು ಸಣ್ಣ ಪ್ರಶ್ನೆ. ಕ್ಯಾಷುವಾಲಿಟಿಯಲ್ಲಿ ಡ್ಯೂಟಿ ಡಾಕ್ಟರು ಬರೆದುಕೊಳ್ಳುತ್ತಾ ಕೇಳುತ್ತಾರೆ: "ಶುಗರ್, ಬಿಪಿ ಎಷ್ಟು ವರ್ಷದಿಂದ?" ಕೈಕಾಲು ನಡುಗುತ್ತಿರುವ ಹೆಂಡತಿ "ಹತ್ತು ವರ್ಷ ಆಯ್ತೇನೋ" ಅಂದುಬಿಟ್ಟರೆ ಅದು ಕೇಸ್ ಶೀಟಿನಲ್ಲಿ ಕೂರುತ್ತದೆ. ಪಾಲಿಸಿ ಮಾಡಿಸಿ ನಾಲ್ಕು ವರ್ಷವಾಗಿದ್ದರೆ, ಕಾಯಿಲೆ ಮುಚ್ಚಿಟ್ಟು ಮಾಡಿಸಿದ್ದೀರಿ ಎಂಬ ಪತ್ರ ಬರುತ್ತದೆ. ಸುಳ್ಳು ಹೇಳಿ ಎನ್ನುತ್ತಿಲ್ಲ, ಊಹೆ ಬೇಡ ಎನ್ನುತ್ತಿದ್ದೇನೆ. ಕೋಟೇಶ್ವರದ ಲ್ಯಾಬಿನಲ್ಲಿ ಮೊದಲ ಸಲ ಶುಗರ್ ಕಂಡ ರಿಪೋರ್ಟಿನ ಫೋಟೊ ನನ್ನ ಮೊಬೈಲಿನಲ್ಲಿತ್ತು, ತಾರೀಕು ನೋಡಿ ಹೇಳಿದೆ. 2024ರ ಏಪ್ರಿಲ್‌ನಿಂದ, ಸತತ ಐದು ವರ್ಷ ಪ್ರೀಮಿಯಂ ಕಟ್ಟಿದ ಮೇಲೆ ವಂಚನೆ ಸಾಬೀತಾಗದ ಹೊರತು ಕಂಪನಿ ಈ ತಕರಾರು ಎತ್ತುವಂತಿಲ್ಲ. ಮೊದಲು ಇದು ಎಂಟು ವರ್ಷ ಇತ್ತು.

ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯೊಳಗೆ, ಡಿಸ್‌ಚಾರ್ಜಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂದು ವಿಮಾ ಪ್ರಾಧಿಕಾರ 2024ರ ಮೇ 29ರಂದು ಆದೇಶಿಸಿದೆ. ಅದು ನಿಜ. ಆದರೆ ಡಿಸ್‌ಚಾರ್ಜಿನ ಗಡಿಯಾರ ಶುರುವಾಗುವುದು ಆಸ್ಪತ್ರೆಯ ಅಂತಿಮ ಬಿಲ್ಲು ಕಂಪನಿಗೆ ತಲುಪಿದ ಮೇಲೆ. ಬೆಳಿಗ್ಗೆ "ಇವತ್ತು ಮನೆಗೆ ಹೋಗಬಹುದು" ಎಂದ ಡಾಕ್ಟರ ಮಾತಿಗೂ ಆ ಬಿಲ್ಲಿಗೂ ನಡುವೆ ಒಂದು ಊಟ, ಒಂದು ಕಾಫಿ ಆರಾಮವಾಗಿ ಹಿಡಿಸುತ್ತದೆ. ಕೊನೆಗೂ ಗ್ಲೌಸು, ಮಾಸ್ಕು, ಫೈಲು ಅಂತ ವಿಮೆ ಕೊಡದ ಐಟಂಗಳ ಬಾಬ್ತು ಕೈಯಿಂದಲೇ. ಸ್ಟೆಂಟಿನ ಬೆಲೆಯ ಬಗ್ಗೆ ಮಾತ್ರ ನೆಮ್ಮದಿ. 2017ರ ಫೆಬ್ರವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು. ನಡುವೆ ಒಮ್ಮೆ ಇಳಿದು, ಮತ್ತೆ ಏರುತ್ತಾ ಈಗ 38 ಸಾವಿರ ದಾಟಿದೆ, ಆದರೂ ಮಿತಿ ಮಿತಿಯೇ. ಬಿಲ್ಲಿನಲ್ಲಿ ಆ ಸಾಲನ್ನು ಬೇರೆಯಾಗಿ ತೋರಿಸಲೇಬೇಕು, ಕೇಳಿ ನೋಡಿ.

ಗಂಡನೇ ಹೊರಗೆ ನಿಂತರೂ ಕತೆ ಬೇರೆಯಾಗುವುದಿಲ್ಲ. ಹೆಂಡತಿಯ ಸ್ವಸಹಾಯ ಸಂಘದ ವಾರದ ಕಂತು ಯಾವ ದಿನ, ಯಾರ ಹತ್ತಿರ ಕಟ್ಟುವುದು, ಎಷ್ಟು ಬಾಕಿ ಎಂದು ಎಷ್ಟು ಗಂಡಸರಿಗೆ ಗೊತ್ತು?

ಮನೆಗೆ ಬಂದು ಅವರು ಮೆಟ್ಟಿಲು ಹತ್ತುವಷ್ಟಾದ ಮೇಲೆ ಇಬ್ಬರೂ ಬ್ಯಾಂಕಿಗೆ ಹೋದೆವು. ಠೇವಣಿಗೆ ನನ್ನ ಹೆಸರು ಸೇರಿಸಿ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂದು ಮಾಡಿಸಿಬಿಟ್ಟರೆ ಮುಗಿಯಿತು ಎಂಬುದು ಅವರ ಲೆಕ್ಕ. ಮುಗಿಯುವುದಿಲ್ಲ. ಆ ಷರತ್ತು ನಡೆಯುವುದು ಅವಧಿ ತುಂಬಿದಾಗ. ಅವಧಿಗೆ ಮೊದಲೇ ಮುರಿಸುವುದಾದರೆ, ಇಬ್ಬರೂ ಬದುಕಿರುವಾಗ, ಇಬ್ಬರ ಸಹಿಯನ್ನೂ ಬ್ಯಾಂಕು ಕೇಳಬಹುದು. ಅಂದರೆ ಮತ್ತೆ ಅದೇ ಐಸಿಯು ಬಾಗಿಲು. ಈ ಷರತ್ತು ತಕ್ಷಣ ಕೆಲಸಕ್ಕೆ ಬರುವುದು ಉಳಿತಾಯ ಖಾತೆಯಲ್ಲಿ. ಹಾಗಾಗಿ ಒಂದು ಠೇವಣಿ ಮುರಿದು 3 ಲಕ್ಷ ಜಂಟಿ ಉಳಿತಾಯ ಖಾತೆಯಲ್ಲೇ ಇಡೋಣ, ಇಬ್ಬರಿಗೂ ಬೇರೆ ಬೇರೆ ಎಟಿಎಂ ಕಾರ್ಡು, ಇಬ್ಬರ ಮೊಬೈಲಿನಲ್ಲೂ ಯುಪಿಐ ಇರಲಿ ಎಂದೆ.

ಬೇಕರಿ ನಡೆಸಿದ ಮನುಷ್ಯ. ಕೌಂಟರಿನಲ್ಲೇ ಲೆಕ್ಕ ಹಾಕಿದರು: ಠೇವಣಿಗೆ ಆರೂವರೆ, ಉಳಿತಾಯಕ್ಕೆ ಎರಡೂವರೆ, ವರ್ಷಕ್ಕೆ 12,000 ನಷ್ಟ. "ಬಡ್ಡಿ ಸುಮ್ನೆ ಹೋತ್ತಲ್ದಾ?" ಅಂತ ಮ್ಯಾನೇಜರನ್ನು ಕೇಳಿದರು. ಮ್ಯಾನೇಜರು ನನ್ನ ಮುಖ ನೋಡಿದರು. ಇವರು ಚೌಕಾಸಿ ಮಾಡಿ ಎರಡು ಲಕ್ಷಕ್ಕೆ ಇಳಿಸಿದರು. ಉಳಿದ ಒಂದು ಲಕ್ಷವನ್ನು ನನ್ನೊಬ್ಬಳ ಹೆಸರಿನ ಖಾತೆಗೆ ಹಾಕಿಸಿಕೊಂಡೆ.