ಮಣ್ಣಿನ ಸೂಕ್ಷ್ಮಜೀವಿಶಾಸ್ತ್ರವೂ ಒಕ್ಕಲುಮಕ್ಕಳ ವಿದ್ಯಾಭ್ಯಾಸವೂ

ಮಳೆಗಾಲವು ಬಲಿತೊಡನೆ ಕುಮಟಾ ತಾಲೂಕಿನ ಸಂತೆಗುಳಿ ಸೀಮೆಯ ಅಡಿಕೆ ತೋಟಿಗರಿಗೆ ಕೊಳೆರೋಗದ ಭಯವು ಹುಟ್ಟುವುದು. ಎಳೆಗಾಯಿಗಳು ನೀರು ಹಿಡಿದಂತಾಗಿ, ಬಿಳಿಯ ಬೂಷ್ಟು ಕವಿದು ಉದುರುವವು. ಇದಕ್ಕೆ ಕಾರಣವು ಮಳೆಯೊಂದೇ ಅಲ್ಲ; ಕಣ್ಣಿಗೆ ಕಾಣದ ಫೈಟೋಫ್ತೋರ ಎಂಬ ಜೀವಿಯು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕೂಲಂಕಷವಾಗಿ ಅಭ್ಯಸಿಸಿ, 1910ರಲ್ಲಿ ತಮ್ಮ ವಿವರಣೆಯನ್ನು ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರು. ಒಬ್ಬ ವಿದ್ವಾಂಸನ ಅಭ್ಯಾಸವು ಇಂದಿಗೂ ಸಾವಿರಾರು ತೋಟಗಳನ್ನು ಕಾಯುತ್ತಿರುವುದು.

ಸೂಕ್ಷ್ಮಜೀವಿಗಳೆಲ್ಲವೂ ಶತ್ರುಗಳೆಂದು ತಿಳಿಯಲಾಗದು. ಅಲಸಂದೆಯ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವವು. ಕರಾವಳಿಯ ಹುಳಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಡುವವು. ಮೈಕೊರೈಜ ಎಂಬ ಬೇರುಶಿಲೀಂಧ್ರವು ತನ್ನ ನವಿರಾದ ಎಳೆಗಳಿಂದ ಅದನ್ನು ಅರಸಿ ಬೇರಿಗೆ ತಂದುಕೊಡುವುದು. ಯಾವ ಮಣ್ಣಿಗೆ ಯಾವ ಜೀವಿಯು ಹಿತವೆಂಬುದನ್ನು ಆಯಾ ನೆಲದಲ್ಲಿಯೇ ಪರೀಕ್ಷಿಸಬೇಕು. ಆದಕಾರಣ ಈ ಸೀಮೆಯನ್ನು ಬಲ್ಲ ಮಕ್ಕಳೇ ಈ ವಿದ್ಯೆಗೆ ಬರುವುದು ಅಗತ್ಯವಾಗಿದೆ.

ಇದರ ಮಾರ್ಗವು ಹೀಗಿದೆ. ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನವನ್ನು ಓದಿ, ನಾಲ್ಕು ವರ್ಷದ ಕೃಷಿ ಪದವಿಯನ್ನು ಸೇರಬೇಕು. ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲುಂಟು. ಆ ಬಳಿಕ ಕೃಷಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಅನಂತರ ಕನಿಷ್ಠ ಮೂರು ವರ್ಷದ ಸಂಶೋಧನೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜರು ಮೈಕೊರೈಜ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿ ಶಿಷ್ಯರನ್ನು ತಯಾರಿಸಿದರು. ಉತ್ತರ ಕನ್ನಡದವರಿಗೆ 1986ರ ಧಾರವಾಡ ಕೃಷಿ ವಿಶ್ವವಿದ್ಯಾಲಯವು ಹತ್ತಿರವಾದುದು. ತೋಟದ ಬೆಳೆಗಳ ಸಂಶೋಧನೆಯು ಕಾಸರಗೋಡಿನ ಕೇಂದ್ರೀಯ ಸಂಸ್ಥೆಯಲ್ಲಿ ನಡೆಯುವುದು.

ಕಷ್ಟವನ್ನೂ ಮರೆಮಾಚಬಾರದು. ಒಂಬತ್ತು ಹತ್ತು ವರ್ಷಗಳ ಕಾಲ ಮನೆಯ ದುಡಿಯುವ ಕೈಯೊಂದು ತೋಟದಿಂದ ದೂರವಾಗುವುದು. ಶಿಷ್ಯವೇತನವು ಎಲ್ಲರಿಗೂ ದೊರೆಯದು. ಕಾಯಂ ಹುದ್ದೆಗಳು ಕಡಿಮೆ. ಹಲವರು ಕೆಲವು ವರ್ಷ ತಾತ್ಕಾಲಿಕ ಯೋಜನೆಗಳಲ್ಲಿ ದುಡಿಯಬೇಕಾಗುವುದು. ಆದರೆ ಜೈವಿಕ ಗೊಬ್ಬರದ ತಯಾರಿಕೆ, ಮಣ್ಣು ಪರೀಕ್ಷೆ, ಅಧ್ಯಾಪನ ಇವುಗಳಲ್ಲಿಯೂ ಈ ವಿದ್ಯೆಗೆ ಉಪಯೋಗವುಂಟು. ಸಾಲ ಮಾಡುವ ಮೊದಲು ಮನೆಯವರು ಇದನ್ನೆಲ್ಲ ಲೆಕ್ಕ ಹಾಕತಕ್ಕದ್ದು.

ಮಗುವಿನ ಒಲವನ್ನು ಅರಿಯಲು ಖರ್ಚಿಲ್ಲದ ಉಪಾಯವೊಂದಿದೆ. ಹೂಬಿಡುವ ಕಾಲದಲ್ಲಿ ಅಲಸಂದೆಯ ಗಿಡವೊಂದನ್ನು ಬೇರು ಹರಿಯದಂತೆ ಅಗೆದು, ತೊಳೆದು, ಗಂಟನ್ನು ಸೀಳಿಸಿ ನೋಡಿಸಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಜೀವಿಗಳು ಕೆಲಸದಲ್ಲಿವೆ. ಹಸಿರು ಅಥವಾ ಕಂದು ಬಣ್ಣವಿದ್ದರೆ ಕೆಲಸವು ನಿಂತಿದೆ. ಪಕ್ಕದ ಗದ್ದೆಯದು ಹೇಗಿದೆಯೆಂದು ತಾನಾಗಿ ಅಗೆಯಲು ಹೊರಡುವ ಮಗುವು, ಗಂಡಾಗಲಿ ಹೆಣ್ಣಾಗಲಿ, ಈ ವಿದ್ಯೆಗೆ ಯೋಗ್ಯವಾದುದು. ಅಂಥ ಮಗುವು ಬಡವರ ಮನೆಯಲ್ಲಿದ್ದರೆ, ಅದರ ಓದು ನಿಲ್ಲದಂತೆ ನೋಡುವುದು ಊರ ಮುಖಂಡರ ಮತ್ತು ಜಮೀನುದಾರರ ಕರ್ತವ್ಯವು. ಅದರ ಫಲವು ಅವರ ತೋಟಗಳಿಗೂ ಬರುವುದು.